ಲಿಲಿ ಪಾರ್

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಸೇಂಟ್ ಹೆಲೆನ್ಸ್ ಗಾಜಿನ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿಯ ಬಡ ಕಾರ್ಮಿಕ ಕುಟುಂಬವೊಂದರಲ್ಲಿ 1905ರ ಏಪ್ರಿಲ್ 26ರಂದು ಲಿಲಿ ಪಾರ್ ಜನಿಸಿದಳು. ತಂದೆ ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. ಏಳು ಮಂದಿ ಮಕ್ಕಳಲ್ಲಿ ಲಿಲಿ ನಾಲ್ಕನೆಯವಳು. ಹೊಲಿಗೆ, ಅಡುಗೆಗಳಲ್ಲಿ ಆಕೆಗೆ ಆಸಕ್ತಿ ಹುಟ್ಟಲಿಲ್ಲ. ಅಣ್ಣಂದಿರೊಡನೆ ಮನೆಯ ಬಳಿಯ ಬಯಲಿನಲ್ಲಿ ಚೆಂಡು ಒದೆಯುವುದರಲ್ಲಿಯೇ ಆಕೆಯ ಬಾಲ್ಯ ಕಳೆಯಿತು. ಒದೆತದ ಬಲವೂ ಗುರಿಯೂ ಆಕೆಗೆ ದೊರೆತದ್ದು ಯಾವ ಶಿಕ್ಷಕರಿಂದಲೂ ಅಲ್ಲ, ಈ ಬಯಲಿನಿಂದ.

ಆಗ ಮೊದಲನೆಯ ಮಹಾಯುದ್ಧದ ಕಾಲ. ಗಂಡಸರು ರಣರಂಗಕ್ಕೆ ತೆರಳಿದ್ದುದರಿಂದ ಕಾರ್ಖಾನೆಗಳ ಭಾರವೆಲ್ಲ ಹೆಂಗಸರ ಹೆಗಲಿಗೆ ಬಿದ್ದಿತು. ಪ್ರೆಸ್ಟನ್ ನಗರದ ಡಿಕ್ ಕೆರ್ ಕಾರ್ಖಾನೆಯಲ್ಲಿ ಯುದ್ಧಕ್ಕೆ ಮೊದಲು ಟ್ರಾಮ್ ಗಾಡಿಗಳು ತಯಾರಾಗುತ್ತಿದ್ದವು. ಯುದ್ಧ ಆರಂಭವಾದ ಮೇಲೆ ಮದ್ದುಗುಂಡುಗಳು ತಯಾರಾಗತೊಡಗಿದವು. ಅಲ್ಲಿಯ ತರುಣಿಯರು ಬಿಡುವಿನ ವೇಳೆಯಲ್ಲಿ ಕಾರ್ಖಾನೆಯ ಹುಡುಗರೊಡನೆ ಚೆಂಡಾಡುತ್ತಿದ್ದರು. ಕಛೇರಿಯಲ್ಲಿದ್ದ ಆಲ್ಫ್ರೆಡ್ ಫ್ರಾಂಕ್ಲೆಂಡ್ ಎಂಬಾತ ಇದನ್ನು ಗಮನಿಸಿ ಅವರನ್ನು ಒಂದು ತಂಡವನ್ನಾಗಿ ಕಟ್ಟಿದನು. 1917ರ ಕ್ರಿಸ್‌ಮಸ್ ದಿನದಂದು ಡೀಪ್‌ಡೇಲ್ ಮೈದಾನದಲ್ಲಿ ನಡೆದ ಪಂದ್ಯಕ್ಕೆ 10,000 ಜನ ಬಂದರು. ಸಂಗ್ರಹವಾದ ಹಣ ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಸಂದಿತು. ಡಿಕ್ ಕೆರ್ ಮಹಿಳಾ ತಂಡದ ಪಂದ್ಯಗಳೆಲ್ಲ ಮುಂದೆ ಹೀಗೆಯೇ ಧರ್ಮಕಾರ್ಯಕ್ಕಾಗಿ ನಡೆದವು. ಆಟಗಾರ್ತಿಯರಿಗೆ ದೊರೆಯುತ್ತಿದ್ದುದು ಪಂದ್ಯವೊಂದಕ್ಕೆ ಹತ್ತು ಷಿಲಿಂಗುಗಳ ಖರ್ಚು ಮಾತ್ರ.

ಸೇಂಟ್ ಹೆಲೆನ್ಸಿನ ಹೆಂಗಸರ ತಂಡದಲ್ಲಿ ಆಡುತ್ತಿದ್ದ ಲಿಲಿ ಫ್ರಾಂಕ್ಲೆಂಡನ ಕಣ್ಣಿಗೆ ಬಿದ್ದಳು. ಆಕೆಗೆ ಪ್ರೆಸ್ಟನ್ನಿನಲ್ಲಿ ಕೆಲಸವೂ ತಂಡದಲ್ಲಿ ಸ್ಥಾನವೂ ದೊರೆತವು. ಆಗ ಆಕೆಗೆ ಇನ್ನೂ ಹದಿನಾಲ್ಕು ವರ್ಷ. ಮೊದಲ ಋತುವಿನಲ್ಲಿಯೇ 43 ಗೋಲುಗಳನ್ನು ಹೊಡೆದಳೆಂದರೆ ಆಕೆಯ ಸಾಮರ್ಥ್ಯವನ್ನು ಊಹಿಸಬಹುದು. ಆಗಿನ ಚೆಂಡು ದಪ್ಪ ತೊಗಲಿನದು. ಮಳೆಯಲ್ಲಿ ನೆನೆದರೆ ಅದು ಎಷ್ಟು ಭಾರವಾಗುವುದೆಂಬುದನ್ನು ಆಷಾಢದ ಕೆಸರಿನಲ್ಲಿ ಚೆಂಡಾಡಿದ ಉಡುಪಿ, ಕಾರ್ಕಳಗಳ ಹಿರಿಯರಿಗೆ ಹೇಳಬೇಕಾಗಿಲ್ಲ. ಅಂತಹ ಚೆಂಡನ್ನು ಲಿಲಿ ಮೈದಾನದ ಎಡ ಅಂಚಿನಿಂದ ಗೋಲಿನ ಮುಂಭಾಗಕ್ಕೆ ನಿರಾಯಾಸವಾಗಿ ತಲುಪಿಸುತ್ತಿದ್ದಳು. ಆಕೆಯ ಒದೆತವನ್ನು ತಡೆಯಹೋದ ಗಂಡಸೊಬ್ಬನ ತೋಳು ಮುರಿಯಿತೆಂಬ ಕಥೆಯೂ ಇದೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಎಡಗಾಲಿನ ಬಲದಲ್ಲಿ ಇರಲಿಲ್ಲ.

1920ರ ಡಿಸೆಂಬರ್ ತಿಂಗಳು ಆ ತಂಡದ ಬಾಳಿನಲ್ಲಿ ಮರೆಯಲಾಗದ್ದು. ಹದಿನಾರರಂದು ನಿರುದ್ಯೋಗಿ ಮಾಜಿ ಸೈನಿಕರ ನೆರವಿಗಾಗಿ ಡೀಪ್‌ಡೇಲಿನಲ್ಲಿ ರಾತ್ರಿಯ ಪಂದ್ಯ ಏರ್ಪಟ್ಟಿತು. ಸೇನೆಯಿಂದ ಎರವಲು ತಂದ ಎರಡು ಶೋಧದೀಪಗಳ ಬೆಳಕಿನಲ್ಲಿ, ಕಣ್ಣಿಗೆ ಕಾಣಲೆಂದು ಬಿಳಿಯ ಬಣ್ಣ ಬಳಿದ ಚೆಂಡಿನಿಂದ ಆಟ ನಡೆಯಿತು. ಇಪ್ಪತ್ತಾರರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ತಂಡದೊಡನೆ ನಡೆದ ಪಂದ್ಯವನ್ನು 53,000 ಜನ ನೋಡಿದರು. ಒಳಗೆ ಸ್ಥಳವಿಲ್ಲದೆ ಸಾವಿರಾರು ಮಂದಿ ಹಿಂದಿರುಗಿದರು. ಅಷ್ಟು ಜನರನ್ನು ಮೀರಿಸಿದ ಮಹಿಳಾ ಪಂದ್ಯ ಇಂಗ್ಲೆಂಡಿನಲ್ಲಿ ನಡೆದುದು 2012ರ ಒಲಿಂಪಿಕ್ ಕ್ರೀಡೆಗಳಲ್ಲಿ.

ಈ ಜನಪ್ರಿಯತೆಯೇ ತಂಡಕ್ಕೆ ಮುಳುವಾಯಿತು. 1921ರಲ್ಲಿ ಗಣಿ ಕಾರ್ಮಿಕರಿಗೂ ಮಾಲೀಕರಿಗೂ ಹೋರಾಟ ನಡೆದಾಗ ಮಹಿಳಾ ತಂಡಗಳು ಕಾರ್ಮಿಕರ ಕುಟುಂಬಗಳಿಗಾಗಿ ಹಣ ಕೂಡಿಸಿದವು. ಇದು ಕೆಲವರಿಗೆ ಹಿಡಿಸಲಿಲ್ಲ. ಅದೇ ವರ್ಷ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ನಿರ್ಣಯಿಸಿತು. ಕೂಡಿಸಿದ ಹಣದಲ್ಲಿ ಖರ್ಚಿನ ಪಾಲು ಹೆಚ್ಚೆಂಬ ದೂರನ್ನೂ ಸೇರಿಸಿತು. ತನಗೆ ಸೇರಿದ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಕೂಡದೆಂದು ಆದೇಶಿಸಿತು. ಆಡಬೇಡಿರೆಂದು ಯಾರೂ ಹೇಳಲಿಲ್ಲ. ಕಾಲ ಕೆಳಗಿನ ನೆಲವನ್ನು ಮಾತ್ರ ಕಸಿದುಕೊಂಡರು. ಎಷ್ಟೋ ತಂಡಗಳು ಚದುರಿಹೋದವು.

ಲಿಲಿಯ ತಂಡ ಚದುರಲಿಲ್ಲ. 1922ರಲ್ಲಿ ಅದು ಸಮುದ್ರ ದಾಟಿ ಕೆನಡಕ್ಕೆ ಹೋಯಿತು. ಅಲ್ಲಿಯೂ ಆಡಲು ಅನುಮತಿ ದೊರೆಯಲಿಲ್ಲ. ಅಮೆರಿಕಕ್ಕೆ ಬಂದಾಗ ಎದುರಿಗೆ ನಿಂತವು ಗಂಡಸರ ತಂಡಗಳು. ಒಂಬತ್ತು ಪಂದ್ಯಗಳಲ್ಲಿ ಮೂರನ್ನು ಗೆದ್ದು, ಮೂರನ್ನು ಸಮ ಮಾಡಿಕೊಂಡು, ಮೂರರಲ್ಲಿ ಸೋತು ತರುಣಿಯರು ತಾಯ್ನಾಡಿಗೆ ಮರಳಿದರು.

ಆ ಬಳಿಕ ಲಿಲಿ ಪ್ರೆಸ್ಟನ್ನಿನ ಸಮೀಪದ ವಿಟಿಂಗ್‌ಹ್ಯಾಂ ಮಾನಸಿಕ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿದಳು. ಹೊಟ್ಟೆಪಾಡು ಅದು, ಪ್ರಾಣ ಮಾತ್ರ ಆಟದಲ್ಲಿತ್ತು. 1926ರಿಂದ ಪ್ರೆಸ್ಟನ್ ಮಹಿಳಾ ತಂಡವೆಂಬ ಹೊಸ ಹೆಸರಿನಲ್ಲಿ, ಉದ್ಯಾನಗಳಲ್ಲಿಯೋ ರಗ್ಬಿ ಮೈದಾನಗಳಲ್ಲಿಯೋ, ದೊರೆತಲ್ಲಿ ಆಡಿದರು. 1946ರಲ್ಲಿ ಲಿಲಿ ನಾಯಕಿಯಾದಳು. 1951ರಲ್ಲಿ ಆಟದಿಂದ ನಿವೃತ್ತಳಾಗುವಾಗ ಆಕೆ ನಲವತ್ತೈದನ್ನು ದಾಟಿದ್ದಳು. ಹೊಡೆದ ಗೋಲುಗಳು 900ಕ್ಕೂ ಹೆಚ್ಚೆಂದು ಲೆಕ್ಕ ಹಾಕುತ್ತಾರೆ. ತಂಡವು 1965ರಲ್ಲಿ ಮುಚ್ಚುವವರೆಗೆ ಆಡಿದ 828 ಪಂದ್ಯಗಳಲ್ಲಿ ಸೋತವು 24 ಮಾತ್ರ.

ನಿಷೇಧ ತೊಲಗಿದುದು 1971ರಲ್ಲಿ. ಆಗ ಲಿಲಿಗೆ ಅರವತ್ತಾರು ವರ್ಷ. ಐವತ್ತು ವರ್ಷ ಮುಚ್ಚಿದ್ದ ಬಾಗಿಲು ತೆರೆದಾಗ ಒಳಹೊಕ್ಕು ಆಡುವ ಕಾಲ ಮೀರಿತ್ತು. 1978ರ ಮೇ 24ರಂದು ಅರ್ಬುದ ರೋಗದಿಂದ ಆಕೆ ತೀರಿಕೊಂಡಳು. ಎರಡು ವರ್ಷಗಳೊಳಗೆ, 1980ರ ಜನವರಿಯಲ್ಲಿ, ನಮ್ಮ ಕರಾವಳಿಯ ತೆಂಕಣ ದಿಕ್ಕಿನ ಕಲ್ಲಿಕೋಟೆಯಲ್ಲಿ ಏಷ್ಯದ ಮಹಿಳಾ ತಂಡಗಳು ಸೆಣಸಿದವು. ಭಾರತ ಎರಡನೆಯ ಸ್ಥಾನ ಪಡೆಯಿತು.

ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯವು 2002ರಲ್ಲಿ ತನ್ನ ಗೌರವ ಪಟ್ಟಿಗೆ ಸೇರಿಸಿಕೊಂಡ ಮೊದಲ ಮಹಿಳೆ ಲಿಲಿ ಪಾರ್. 2019ರಲ್ಲಿ ಮ್ಯಾಂಚೆಸ್ಟರಿನಲ್ಲಿರುವ ಆ ಸಂಗ್ರಹಾಲಯದಲ್ಲಿ ಆಕೆಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು.