ಬಾಲಗಾಯಕರ ಗುರು ವಂದನೀಯ ಯೋಸೆಫ್ ಶ್ನಿಟ್



ನಮ್ಮ ಬಲಿಪೀಠದ ಬಳಿ ಬಾಲಕರು ಹಾಡುವುದನ್ನು ಕೇಳಿದಾಗಲೆಲ್ಲ ವಿಯೆನ್ನಾ ನಗರದ ವಂದನೀಯ ಯೋಸೆಫ್ ಶ್ನಿಟ್ ಗುರುಗಳನ್ನು ನಾವು ನೆನೆಯುತ್ತೇವೆ.

1498ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಆರಂಭಿಸಿದ ಆಸ್ಥಾನ ದೇವಾಲಯದ ಬಾಲಗಾನವೃಂದದಲ್ಲಿ ಸಂಗೀತಗಾರ ಶೂಬರ್ಟರೂ ಬಾಲ್ಯದಲ್ಲಿ ಹಾಡಿದ್ದರು. 1918ರಲ್ಲಿ ಸಾಮ್ರಾಜ್ಯ ಅಳಿಯಲು ವೃಂದವೂ ಚದುರಿತು. ಆ ದೇವಾಲಯದ ಗುರುಗಳಾಗಿದ್ದ ಶ್ನಿಟ್‌ರವರು 1924ರಲ್ಲಿ ಅದಕ್ಕೆ ಮರುಜನ್ಮವಿತ್ತರು. ಎರಡೇ ವರ್ಷಗಳಲ್ಲಿ ಹಣ ಬರಿದಾಯಿತು. ಗುರುಗಳು ಎದೆಗುಂದದೆ, ಬಾಲಕರಿಗೆ ನಾವಿಕರ ಉಡುಪು ತೊಡಿಸಿ, ದೇವಾಲಯದ ಹೊರಗೂ ಕಚೇರಿಗಳನ್ನು ನಡೆಸಿ ವೃಂದವನ್ನು ಉಳಿಸಿದರು. 1932ರಲ್ಲಿ ಅಮೆರಿಕವೂ ಅವರ ಗಾನವನ್ನು ಕೇಳಿತು.

ಅತ್ತ ಜರ್ಮನಿಯಲ್ಲಿ 1937ರಲ್ಲಿ ಲೈಪ್‌ಜಿಗ್ ನಗರದ ಸಂತ ತೋಮಸರ ಪ್ರೊಟೆಸ್ಟಂಟ್ ದೇವಾಲಯದ ಬಾಲಗಾಯಕರನ್ನು ಹಿಟ್ಲರನ ಯುವದಳಕ್ಕೆ ಸೇರಿಸಲಾಯಿತು. 1938ರ ಮಾರ್ಚಿಯಲ್ಲಿ ಆಸ್ಟ್ರಿಯವೂ ಅವನ ವಶವಾಯಿತು. ನಾಜಿಗಳು ಶ್ನಿಟ್ ಗುರುಗಳನ್ನು ಪದಚ್ಯುತಗೊಳಿಸಿ ವೃಂದವನ್ನು ತಮ್ಮದಾಗಿಸಿಕೊಂಡರು. 1939ರಲ್ಲಿ ಹತ್ತು ವರ್ಷ ತುಂಬಿದ ಮಕ್ಕಳಿಗೆ ಯುವದಳ ಕಡ್ಡಾಯವಾಯಿತು. ಮಗುವಿನ ಕಂಠ ಕೈವಶವಾದರೆ ಮನಸ್ಸೂ ಕೈವಶವಾದೀತೆಂದು ಸರ್ವಾಧಿಕಾರಿಗಳು ಬಲ್ಲರು. ಕಟ್ಟಿದ ಮನೆಯ ಬಾಗಿಲು ಗುರುಗಳಿಗೇ ಮುಚ್ಚಿತು.

1945ರಲ್ಲಿ ಯುದ್ಧ ಮುಗಿಯಲು ಅವರು ಮರಳಿ ಬಂದು, ಹಾಳಾದ ನಗರದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದರು. 1948ರಲ್ಲಿ ವೃಂದಕ್ಕೆ ಆಗಾರ್ಟನ್ ಅರಮನೆ ನೆಲೆಯಾಯಿತು. 1955ರಲ್ಲಿ ಗುರುಗಳು ಪ್ರಭುವಿನಲ್ಲಿ ನಿದ್ರೆಹೋದರು.

ತಂದೆತಾಯಿಗಳೇ, ಗಾನವೃಂದವನ್ನು ಬರಿಯ ಅಲಂಕಾರವೆಂದು ಎಣಿಸದಿರಿ. ಮಕ್ಕಳು ಯಾರ ಮಹಿಮೆಗಾಗಿ ಹಾಡಬೇಕೆಂಬುದನ್ನು ನಾವು ಕಲಿಸದಿದ್ದರೆ, ಕಲಿಸಲು ಬೇರೆಯವರು ಕಾದಿರುತ್ತಾರೆ.