ಝಾನ್ ಮೇಯರ್

ಝಾನ್ ಮೇಯರ್ (ಫೆಬ್ರವರಿ 19, 1920 – ಜನವರಿ 1, 1993) ಫ್ರಾನ್ಸ್ ಮೂಲದ ಅಮೆರಿಕನ್ ಶರೀರಕ್ರಿಯಾ ವಿಜ್ಞಾನಿ ಹಾಗೂ ಪೋಷಣಾ ತಜ್ಞ. ಮೆದುಳು ಹಸಿವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ವಿವರಿಸಲು ಇವರು ಮಂಡಿಸಿದ 'ಗ್ಲೂಕೋಸ್ಥಿತಿ ಸಿದ್ಧಾಂತ' ಪ್ರಸಿದ್ಧವಾಗಿದೆ. ಸ್ಥೂಲಕಾಯವು ಸೋಮಾರಿತನ ಅಥವಾ ಹೊಟ್ಟೆಬಾಕತನದ ಫಲ ಎಂಬ ನಂಬಿಕೆಯನ್ನು ಪ್ರಯೋಗಗಳ ಮೂಲಕ ಪ್ರಶ್ನಿಸಿದ ಮೊದಲಿಗರಲ್ಲಿ ಇವರೂ ಒಬ್ಬರು. ಇವರು 1976ರಿಂದ 1992ರವರೆಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು.

ಜನನ ಮತ್ತು ಯುದ್ಧಕಾಲ

ಮೇಯರ್ ಪ್ಯಾರಿಸ್ ನಗರದಲ್ಲಿ ಜನಿಸಿದರು. ಇವರ ತಂದೆ ಆಂದ್ರೆ ಮೇಯರ್ ಹೆಸರಾಂತ ಶರೀರಕ್ರಿಯಾ ವಿಜ್ಞಾನಿಯಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನ್ಯದಲ್ಲಿದ್ದ ಝಾನ್ ಜರ್ಮನ್ನರಿಗೆ ಸೆರೆಸಿಕ್ಕರೂ ತಪ್ಪಿಸಿಕೊಂಡು, ಚಾರ್ಲ್ಸ್ ಡಿ ಗಾಲ್ ಅವರ ನೇತೃತ್ವದ ಸ್ವತಂತ್ರ ಫ್ರೆಂಚ್ ಪಡೆಯನ್ನು ಸೇರಿದರು. ಯುದ್ಧಸೇವೆಗಾಗಿ ಅವರಿಗೆ 'ಕ್ರುವಾ ದ ಗೇರ್' ಪದಕ ದೊರೆಯಿತು. 1942ರಲ್ಲಿ ಎಲಿಜಬೆತ್ ವಾನ್ ಹ್ಯೂಸೆನ್ ಅವರನ್ನು ವಿವಾಹವಾದರು. ಯುದ್ಧಾನಂತರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ 1948ರಲ್ಲಿ ಡಾಕ್ಟರೇಟ್ ಪಡೆದು, 1950ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಹಸಿವಿನ ನಿಯಂತ್ರಣ ಕುರಿತ ಸಂಶೋಧನೆ

ಮೇಯರ್ ಹಾರ್ವರ್ಡ್ ಸೇರಿದ ಕಾಲಕ್ಕೆ, ಹಸಿವಿನ ಮೂಲ ಹೊಟ್ಟೆಯ ಸಂಕೋಚನದಲ್ಲಿದೆ ಎಂಬ ಹಳೆಯ ಅಭಿಪ್ರಾಯ ಸಡಿಲಗೊಳ್ಳತೊಡಗಿತ್ತು. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್‌ನ ನಡುಭಾಗಕ್ಕೆ ಹಾನಿಯಾದ ಇಲಿಗಳು ವಿಪರೀತವಾಗಿ ಕೊಬ್ಬುತ್ತವೆ ಎಂದು ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ 1940ರಲ್ಲಿ ತೋರಿಸಿದ್ದರು. ಅದರ ಪಾರ್ಶ್ವಭಾಗಕ್ಕೆ ಹಾನಿಯಾದರೆ ಪ್ರಾಣಿಯು ತಿನ್ನುವುದನ್ನೇ ನಿಲ್ಲಿಸುತ್ತದೆ ಎಂಬುದನ್ನು ಭಾರತೀಯ ವಿಜ್ಞಾನಿ ಬಿ. ಕೆ. ಆನಂದ್ ಅವರು ಜಾನ್ ಬ್ರೊಬೆಕ್ ಜೊತೆಗೂಡಿ 1951ರಲ್ಲಿ ಕಂಡುಹಿಡಿದರು. ಆದರೆ ದೇಹದಲ್ಲಿ ಆಹಾರ ಸಾಕಾಗಿದೆಯೇ ಇಲ್ಲವೇ ಎಂಬುದು ಈ ಕೇಂದ್ರಗಳಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು.

ಮೇಯರ್ 1953ರಲ್ಲಿ ಇದಕ್ಕೆ ಒಂದು ಉತ್ತರವನ್ನು ಮುಂದಿಟ್ಟರು. ಅವರ ಪ್ರಕಾರ ಹೈಪೊಥಲಾಮಸ್‌ನ ಕೆಲವು ಜೀವಕೋಶಗಳು ಗ್ಲೂಕೋಸ್ ಬಳಕೆಯಾಗುವ ಪ್ರಮಾಣವನ್ನು ಗುರುತಿಸುತ್ತವೆ. ಬಳಕೆ ತಗ್ಗಿದಾಗ ಹಸಿವು, ಏರಿದಾಗ ತೃಪ್ತಿ ಉಂಟಾಗುತ್ತದೆ. ಇಲ್ಲಿ ಮುಖ್ಯವಾದುದು ರಕ್ತದಲ್ಲಿರುವ ಸಕ್ಕರೆಯ ಒಟ್ಟು ಮಟ್ಟವಲ್ಲ, ಅಪಧಮನಿ ಮತ್ತು ಅಭಿಧಮನಿಗಳ ರಕ್ತದ ಸಕ್ಕರೆಗಳ ನಡುವಿನ ವ್ಯತ್ಯಾಸ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ಮಧುಮೇಹಿಗಳಿಗೆ ತೀವ್ರ ಹಸಿವಾಗುವುದನ್ನು ಈ ಸಿದ್ಧಾಂತ ವಿವರಿಸಬಲ್ಲದಾಗಿತ್ತು. ಚಿನ್ನ ಮತ್ತು ಗ್ಲೂಕೋಸ್ ಸೇರಿದ ಸಂಯುಕ್ತವೊಂದನ್ನು ಚುಚ್ಚಿದ ಇಲಿಗಳಲ್ಲಿ ತೃಪ್ತಿಕೇಂದ್ರ ನಾಶವಾಗಿ ಅವು ಸ್ಥೂಲವಾಗುವುದನ್ನು ಮೇಯರ್ ಮತ್ತು ಸಹೋದ್ಯೋಗಿಗಳು 1955ರಲ್ಲಿ ವರದಿ ಮಾಡಿದರು. ಗ್ಲೂಕೋಸನ್ನು ಹೀರುವ ಜೀವಕೋಶಗಳು ಅದರೊಡನೆ ಬಂದ ಚಿನ್ನದಿಂದ ಹಾನಿಗೊಂಡಿವೆ ಎಂಬುದು ಅವರ ವಿವರಣೆ. ರಕ್ತಕ್ಕೆ ಗ್ಲೂಕೋಸ್ ಸೇರಿಸಿದಾಗ ತೃಪ್ತಿಕೇಂದ್ರದ ವಿದ್ಯುತ್ ಚಟುವಟಿಕೆ ಏರುವುದನ್ನು ಆನಂದ್ ಅವರ ದೆಹಲಿಯ ತಂಡ 1962ರಲ್ಲಿ ದಾಖಲಿಸಿದ್ದು ಈ ಸಿದ್ಧಾಂತಕ್ಕೆ ಬಲ ನೀಡಿತು.

ದೈಹಿಕ ಶ್ರಮ ಮತ್ತು ಬಂಗಾಳದ ಅಧ್ಯಯನ

ವ್ಯಾಯಾಮ ಮಾಡಿದರೆ ಹಸಿವು ಹೆಚ್ಚಿ ಪ್ರಯೋಜನ ಇಲ್ಲವಾಗುತ್ತದೆ ಎಂಬ ಅಭಿಪ್ರಾಯ ಆಗ ವ್ಯಾಪಕವಾಗಿತ್ತು. ದಿನಕ್ಕೆ ಒಂದು ಗಂಟೆಯೊಳಗೆ ಓಡಿಸಿದ ಇಲಿಗಳು ಸುಮ್ಮನಿದ್ದ ಇಲಿಗಳಿಗಿಂತ ಹೆಚ್ಚು ತಿನ್ನುವುದಿಲ್ಲವೆಂದು ಮೇಯರ್ 1954ರಲ್ಲಿ ತೋರಿಸಿದರು. ಮನುಷ್ಯರಲ್ಲಿ ಇದನ್ನು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯನ್ನು. ಭಾರತೀಯ ಸಹಲೇಖಕರೊಂದಿಗೆ 1956ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಕುಳಿತೇ ಕೆಲಸ ಮಾಡುವವರಿಂದ ಹಿಡಿದು ಭಾರ ಹೊರುವ ಕೂಲಿಗಳವರೆಗೆ 213 ಮಂದಿಯ ಆಹಾರ, ತೂಕ ಮತ್ತು ಶ್ರಮವನ್ನು ಹೋಲಿಸಲಾಯಿತು. ಶ್ರಮ ಹೆಚ್ಚಿದಂತೆ ಆಹಾರವೂ ಹೆಚ್ಚಿ ತೂಕ ಸಮತೋಲನದಲ್ಲಿತ್ತು. ಆದರೆ ಅತಿ ಕಡಿಮೆ ಚಟುವಟಿಕೆಯುಳ್ಳವರಲ್ಲಿ ಆಹಾರ ಕಡಿಮೆಯಾಗುವ ಬದಲು ಹೆಚ್ಚೇ ಇತ್ತು. ಅವರ ತೂಕವೂ ಹೆಚ್ಚಾಗಿತ್ತು. ಹಸಿವಿನ ನಿಯಂತ್ರಣ ಸರಿಯಾಗಿ ನಡೆಯಲು ಒಂದು ಕನಿಷ್ಠ ಮಟ್ಟದ ಚಟುವಟಿಕೆ ಬೇಕೆಂಬ ವಾದಕ್ಕೆ ಇದು ಆಧಾರವಾಯಿತು.

ಸಾಮಾಜಿಕ ಕಾಳಜಿ

ಸ್ಥೂಲಕಾಯದ ಹುಡುಗಿಯರಿಗೆ ಸಮಾನ ಅರ್ಹತೆಯಿದ್ದರೂ ಪ್ರತಿಷ್ಠಿತ ಕಾಲೇಜುಗಳಲ್ಲಿ ಪ್ರವೇಶ ದೊರೆಯುವ ಪ್ರಮಾಣ ಕಡಿಮೆಯೆಂದು ಹೆಲೆನ್ ಕ್ಯಾನಿಂಗ್ ಮತ್ತು ಮೇಯರ್ 1966ರಲ್ಲಿ ತೋರಿಸಿದರು. ದೇಹತೂಕದ ಆಧಾರದ ತಾರತಮ್ಯ ಕುರಿತ ಆರಂಭಿಕ ಅಧ್ಯಯನಗಳಲ್ಲಿ ಇದೂ ಒಂದು. 1968ರಲ್ಲಿ ಅಧಿಕ ತೂಕದ ಕಾರಣ ಮತ್ತು ನಿಯಂತ್ರಣ ಕುರಿತ ಅವರ ಗ್ರಂಥ ಹೊರಬಂದಿತು. ಅದೇ ವೇಳೆಗೆ ಅವರು ಅಮೆರಿಕದ ಬಡವರ ಹಸಿವಿನ ಬಗೆಗೂ ದನಿಯೆತ್ತಿದರು. 1969ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಆಹಾರ, ಪೋಷಣೆ ಮತ್ತು ಆರೋಗ್ಯ ಕುರಿತು ಕರೆದ ಶ್ವೇತಭವನದ ಸಮ್ಮೇಳನವನ್ನು ಮೇಯರ್ ಸಂಘಟಿಸಿದರು. ಬಡ ಕುಟುಂಬಗಳ ಆಹಾರ ಚೀಟಿ ಮತ್ತು ಶಾಲಾ ಊಟದ ಯೋಜನೆಗಳ ವಿಸ್ತರಣೆಗೆ ಇದು ನೆರವಾಯಿತು. ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದಾಗ ಅಲ್ಲಿ ಪಶುವೈದ್ಯಕೀಯ ಹಾಗೂ ಪೋಷಣಾ ವಿಜ್ಞಾನದ ಶಾಲೆಗಳನ್ನು ಆರಂಭಿಸಿದರು.

ನಿಧನ ಮತ್ತು ಪ್ರಭಾವ

ಮೇಯರ್ ಫ್ಲಾರಿಡಾದ ಸಾರಸೋಟಾದಲ್ಲಿ ನಿಧನರಾದರು. ಟಫ್ಟ್ಸ್‌ನಲ್ಲಿರುವ, ವೃದ್ಧಾಪ್ಯದ ಪೋಷಣೆ ಕುರಿತ ಸಂಶೋಧನಾ ಕೇಂದ್ರಕ್ಕೆ ಅವರ ಹೆಸರಿಡಲಾಗಿದೆ.

ಅವರು ಅಧ್ಯಯನ ಮಾಡಿದ್ದ ಆನುವಂಶಿಕವಾಗಿ ಸ್ಥೂಲವಾದ ಇಲಿಗಳ ದೋಷ ಯಾವುದೆಂಬುದು ಅವರ ಮರಣದ ಮರುವರ್ಷ ಬಯಲಾಯಿತು. ಕೊಬ್ಬಿನ ಅಂಗಾಂಶ ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಆ ಇಲಿಗಳಲ್ಲಿ ಕ್ರಿಯಾಶೀಲವಾಗಿಲ್ಲವೆಂದು ಜೆಫ್ರಿ ಫ್ರೀಡ್ಮನ್ ತಂಡದ 1994ರ ಸಂಶೋಧನೆ ತಿಳಿಸಿತು. ಸ್ಥೂಲಕಾಯದ ಬಹುತೇಕ ಮನುಷ್ಯರಲ್ಲಿ ಲೆಪ್ಟಿನ್ ಕೊರತೆಯಿರದೆ ಹೆಚ್ಚಿನ ಪ್ರಮಾಣದಲ್ಲೇ ಇರುತ್ತದೆ. ಆದರೆ ಮೆದುಳು ಅದಕ್ಕೆ ತಕ್ಕಂತೆ ಸ್ಪಂದಿಸುವುದಿಲ್ಲ. ಗ್ಲೂಕೋಸ್ ಒಂದೇ ಹಸಿವನ್ನು ನಿರ್ಧರಿಸುವುದಿಲ್ಲ, ಲೆಪ್ಟಿನ್, ಇನ್ಸುಲಿನ್, ಗ್ರೆಲಿನ್ ಮುಂತಾದ ಹಲವು ಸಂಕೇತಗಳು ಸೇರಿ ಕೆಲಸ ಮಾಡುತ್ತವೆ ಎಂಬುದು ಇಂದಿನ ತಿಳಿವಳಿಕೆ. ಆದರೂ ಗ್ಲೂಕೋಸನ್ನು ಗ್ರಹಿಸುವ ನರಕೋಶಗಳು ಹೈಪೊಥಲಾಮಸ್‌ನಲ್ಲಿರುವುದು ದೃಢಪಟ್ಟಿದೆ. ರಕ್ತದಲ್ಲಿ ಹರಿಯುವ ಸಂಕೇತಗಳನ್ನು ಮೆದುಳು ಓದಿ ಹಸಿವನ್ನು ನಿಯಂತ್ರಿಸುತ್ತದೆ ಎಂಬ ಮೇಯರ್ ಅವರ ಮೂಲ ಕಲ್ಪನೆ ಇಂದಿನ ಸಂಶೋಧನೆಯಲ್ಲೂ ಉಳಿದುಕೊಂಡಿದೆ.