ದೊಡ್ಡ ಸ್ವಾಮಿಯವರು: ಅಬ್ಬೆ ದುಬೋಯ್ ಅವರ ಜೀವನವೂ ನಮ್ಮ ಹಬ್ಬಗಳೂ



ಪ್ರತಿ ವರ್ಷವೂ ಡಿಸೆಂಬರ್ ತಿಂಗಳು ಬಂದೊಡನೆ ನನ್ನ ಮುಂದೆ ಎರಡು ಬಗೆಯ ಪ್ರಶ್ನೆಗಳು ಬರುವುದುಂಟು. ಭೀಮನಬೀಡು ಮತ್ತು ಸುತ್ತಲಿನ ಹಳ್ಳಿಗಳಿಂದ ತಂದೆತಾಯಿಗಳು ಬಂದು, ತಾವು ಕ್ರೈಸ್ತರಲ್ಲವೆಂದೂ, ತಮ್ಮ ಮಗಳು ಕ್ರಿಸ್ಮಸ್ ಕೂಟದಲ್ಲಿ ನಕ್ಷತ್ರದ ದೀಪವನ್ನು ಹಿಡಿದರೆ ಮನೆದೇವರಿಗೆ ಅಪಚಾರವಾದೀತೇ ಎಂದೂ ವಿನಯದಿಂದ ವಿಚಾರಿಸುತ್ತಾರೆ. ಸಭೆಯ ಹಿರಿಯರಲ್ಲಿ ಕೆಲವರು ಬಂದು, ಕ್ರಿಸ್ಮಸ್ಸಿನ ದಿನ ಬಾಗಿಲಿಗೆ ರಂಗವಲ್ಲಿಯೂ ಚೆಂಡುಹೂವಿನ ತೋರಣವೂ ಏತಕ್ಕೆಂದು ಕೇಳುತ್ತಾರೆ. ಒಬ್ಬರದು ತಮ್ಮ ಮನೆಯ ಚಿಂತೆ, ಮತ್ತೊಬ್ಬರದು ಸಭೆಯ ಚಿಂತೆ. ಆದರೂ ಎರಡು ಪ್ರಶ್ನೆಗಳ ಬೇರು ಒಂದೇ: ಹಬ್ಬವೆಂಬುದು ಯಾರ ಸೊತ್ತು?

ಈ ಪ್ರಶ್ನೆಗೆ ಶಾಸ್ತ್ರವಚನಗಳಿಂದ ಉತ್ತರ ಹೇಳುವುದು ಪಾದ್ರಿಗಳ ಕೆಲಸ. ಉಪಾಧ್ಯಾಯಿನಿಯಾದ ನಾನು ಮತವಿಚಾರವನ್ನು ಬದಿಗಿಟ್ಟು, ನಮ್ಮ ಮೈಸೂರು ಸೀಮೆಯಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ಒಬ್ಬ ಪರದೇಶದವರ ಜೀವನವನ್ನು ಹೇಳಲು ಇಚ್ಛಿಸುತ್ತೇನೆ. ಅವರೇ ನಮ್ಮವರು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದ ಅಬ್ಬೆ ದುಬೋಯ್ ಅವರು.

ಇವರ ಪೂರ್ಣ ಹೆಸರು ಜ್ಯಾನ್ ಆಂತ್ವಾನ್ ದುಬೋಯ್. ಅಬ್ಬೆ ಎಂಬುದು ಫ್ರಾನ್ಸ್ ದೇಶದಲ್ಲಿ ಪಾದ್ರಿಗಳಿಗೆ ಸಲ್ಲುವ ಬಿರುದು. ಇವರು ಆ ದೇಶದ ದಕ್ಷಿಣ ಭಾಗದಲ್ಲಿರುವ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ ಜನಿಸಿ, 1766ನೆಯ ಇಸವಿಯ ಜನವರಿಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. 1792ರಲ್ಲಿ ಗುರುಪಟ್ಟವನ್ನು ಪಡೆದು, ಪ್ಯಾರಿಸಿನ ವಿದೇಶೀ ಮಿಷನ್ನಿನ ಪರವಾಗಿ ಅದೇ ವರ್ಷ ಹಿಂದೂ ದೇಶಕ್ಕೆ ಹೊರಟರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ನಡೆಯುತ್ತಿದ್ದಿತು. ಇವರು ಹೊರಟ ಮರುವರ್ಷವೇ ಅಲ್ಲಿನ ಸರಕಾರವು ಹಳೆಯ ಪಂಚಾಂಗವನ್ನೇ ರದ್ದುಪಡಿಸಿತು. ಏಳು ದಿನಗಳ ವಾರದ ಬದಲಾಗಿ ಹತ್ತು ದಿನಗಳ ಅವಧಿಯೊಂದು ಬಂದಿತು. ಭಾನುವಾರವೂ ಸಂತರ ಹಬ್ಬಗಳೂ ಲೆಕ್ಕದಿಂದ ಬಿಟ್ಟುಹೋದವು. ಪ್ಯಾರಿಸಿನ ಮಹಾದೇವಾಲಯದಲ್ಲಿ ಬುದ್ಧಿದೇವಿಯ ಉತ್ಸವವು ನಡೆಯಿತು. ಆದರೆ ಜನರು ಈ ಹೊಸ ಎಣಿಕೆಗೆ ಒಗ್ಗಲಿಲ್ಲ. ಹನ್ನೆರಡು ವರ್ಷ ನಡೆದ ತರುವಾಯ, 1806ರ ಜನವರಿ 1ರಿಂದ ಹಳೆಯ ಪಂಚಾಂಗವೇ ತಿರುಗಿ ಬಂದಿತು.

ದುಬೋಯ್ ಅವರು ಮೊದಲು ಪುದುಚೇರಿಯ ಮಿಷನ್ನಿಗೆ ಸೇರಿ, ತಮಿಳು ಸೀಮೆಯ ದಕ್ಷಿಣ ಜಿಲ್ಲೆಗಳಲ್ಲಿ ಸೇವೆ ಮಾಡಿದರು. ಪರಂಗಿಯವರ ಉಡುಪಿನಲ್ಲಿ ಬಂದವನಿಗೆ ಈ ದೇಶದ ಜನರು ಮನೆಯ ಬಾಗಿಲನ್ನೂ ಮನಸ್ಸಿನ ಬಾಗಿಲನ್ನೂ ತೆರೆಯುವುದಿಲ್ಲವೆಂಬುದನ್ನು ಅವರು ಬೇಗನೆ ಅರಿತರು. ಆದಕಾರಣ ಯೂರೋಪಿನವರ ಸಹವಾಸವನ್ನು ಬಹುಮಟ್ಟಿಗೆ ತೊರೆದು, ಬಿಳಿಯ ನಿಲುವಂಗಿಯನ್ನು ತೊಟ್ಟು, ತಲೆಗೆ ರುಮಾಲನ್ನು ಸುತ್ತಿ, ಊಟ ಉಪಚಾರಗಳಲ್ಲಿಯೂ ಇಲ್ಲಿಯವರಂತೆಯೇ ನಡೆದುಕೊಂಡರು. ಸಮಾಜದಲ್ಲಿ ಕುಳಿತು ಹಿರಿಯರ ಮಾತುಗಳನ್ನು ಕೇಳಿ, ಕಂಡುದನ್ನೂ ಕೇಳಿದುದನ್ನೂ ಬರೆದಿಟ್ಟುಕೊಳ್ಳುವುದು ಅವರ ನಿತ್ಯದ ಅಭ್ಯಾಸವಾಯಿತು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾಗಿ ಟಿಪ್ಪು ಸುಲ್ತಾನರು ಮಡಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದಕ್ಕಾಗಿ ದುಬೋಯ್ ಅವರನ್ನು ಅಲ್ಲಿಗೆ ಕರೆಸಲಾಯಿತು. ಅಂದಿನಿಂದ 1823ರವರೆಗೆ ಮೈಸೂರು ಸೀಮೆಯೇ ಅವರ ಮನೆಯಾಯಿತು. ಯುದ್ಧದಿಂದ ಬಡವಾದ ಕುಟುಂಬಗಳಿಗೆ ಉಪದೇಶಕ್ಕಿಂತ ಮೊದಲು ಉಳುವ ಭೂಮಿ ಬೇಕೆಂದು ಕಂಡುಕೊಂಡು, ಹಾಸನದ ಕಡೆಯ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು.

ಅವರ ಜೀವನದಲ್ಲಿ ತಾಯಂದಿರು ವಿಶೇಷವಾಗಿ ನೆನೆಯತಕ್ಕ ಕಾರ್ಯವು ಇನ್ನೊಂದುಂಟು. ಆ ಕಾಲದಲ್ಲಿ ಸಿಡುಬು ಊರೂರುಗಳನ್ನು ಬರಿದುಮಾಡುತ್ತಿದ್ದಿತು. ಇಂಗ್ಲೆಂಡಿನ ಜೆನ್ನರ್ ವೈದ್ಯರು ಕಂಡುಹಿಡಿದ ದಾಕು 1802ರ ಜೂನ್ ತಿಂಗಳಲ್ಲಿ ಬೊಂಬಾಯಿಯ ಮೂರು ವರ್ಷದ ಒಂದು ಹೆಣ್ಣುಮಗುವಿನ ತೋಳಿನಲ್ಲಿ ಮೊದಲು ಫಲಿಸಿ, ಅಲ್ಲಿಂದ ತೋಳಿನಿಂದ ತೋಳಿಗೆ ದಾಟುತ್ತ ದೇಶದ ಒಳಭಾಗಕ್ಕೆ ಬಂದಿತು. ಸಿಡುಬನ್ನು ಅಮ್ಮನೆಂದು ಕರೆದು ಭಯಭಕ್ತಿಯಿಂದ ನಡೆದುಕೊಳ್ಳುತ್ತಿದ್ದ ಜನರಿಗೆ ಮಕ್ಕಳ ಮೈಮೇಲೆ ಗಾಯ ಮಾಡಿಸುವುದು ಸುಲಭದ ಮಾತಾಗಿರಲಿಲ್ಲ. ದುಬೋಯ್ ಅವರು ತಮ್ಮ ಮೇಲೆ ಜನರಿಗಿದ್ದ ನಂಬಿಕೆಯನ್ನೇ ಬಂಡವಾಳವಾಗಿ ಮಾಡಿಕೊಂಡು, 1803-04ರಲ್ಲಿ 25,432 ಮಂದಿಗೆ ದಾಕು ಹಾಕಿಸಿದರು. ದೊಡ್ಡ ಸ್ವಾಮಿಯವರೆಂಬ ಹೆಸರು ಬರಿಯ ವೇಷದಿಂದ ಬಂದುದಲ್ಲ.

ಇಷ್ಟರಲ್ಲಿ ಅವರ ಬರವಣಿಗೆಯು ಒಂದು ದೊಡ್ಡ ಗ್ರಂಥವಾಗಿ ಬೆಳೆದಿದ್ದಿತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ ಅವರು ಅದನ್ನು ಮೆಚ್ಚಿದರು. ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕರು 1807ರಲ್ಲಿ ಅದನ್ನು ಕಂಪೆನಿ ಸರಕಾರಕ್ಕಾಗಿ 2,000 ವರಹಗಳಿಗೆ ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಲಂಡನ್ನಿನಲ್ಲಿ ಅಚ್ಚಾಯಿತು. ಈ ಗ್ರಂಥದ ಬಹುಭಾಗವು ಇವರಿಗಿಂತ ಮೊದಲಿದ್ದ ಫಾದರ್ ಕುರ್ದೂ ಎಂಬ ಫ್ರೆಂಚ್ ಪಾದ್ರಿಗಳ ಹಸ್ತಪ್ರತಿಯನ್ನು ಅವಲಂಬಿಸಿದೆಯೆಂಬುದನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನಮ್ಮ ಆಚಾರಗಳನ್ನು ಕುರಿತು ಅದರಲ್ಲಿ ಕಟುವಾದ ತೀರ್ಪುಗಳೂ ಉಂಟು. ಸತ್ಯಕ್ಕಾಗಿ ಈ ಎರಡನ್ನೂ ಹೇಳಿಬಿಡಬೇಕು.

ಆದಾಗ್ಯೂ ಹಬ್ಬಗಳನ್ನು ವರ್ಣಿಸಿರುವ ಪುಟಗಳನ್ನು ಓದಿದರೆ ನಮ್ಮ ಅಜ್ಜಿಯಂದಿರ ಕಾಲವು ಕಣ್ಣಿಗೆ ಕಟ್ಟುತ್ತದೆ. ಯುಗಾದಿ, ಗಣೇಶನ ಚೌತಿ, ನಾಗರಪಂಚಮಿಗಳು ಅಲ್ಲಿವೆ. ಮೈಸೂರಿನ ದಸರೆಯಲ್ಲಿ ಆಯುಧಗಳಿಗೆ ಪೂಜೆಯಾಗುವುದೂ, ಅರಸರ ಮುಂದೆ ಜಟ್ಟಿಗಳು ಕಾದುವುದೂ ಅಲ್ಲಿವೆ. ಸೂರ್ಯನು ಉತ್ತರಕ್ಕೆ ತಿರುಗುವ ಸಂಕ್ರಾಂತಿಯ ಹಬ್ಬವನ್ನು ಅವರು ವಿಸ್ತಾರವಾಗಿ ಬರೆದಿದ್ದಾರೆ: ಹಾಲು ಉಕ್ಕುವುದು, ದನಗಳ ಕೋಡಿಗೆ ಬಣ್ಣ ಬಳಿದು ಹೂಮಾಲೆ ಹಾಕುವುದು, ಹೆಂಗಸರು ಅಂಗಳದಲ್ಲಿ ರಂಗವಲ್ಲಿ ಇಡುವುದು. ದೇವತೆಯ ಹೆಸರು ಯಾವುದೇ ಇರಲಿ, ಹಬ್ಬಕ್ಕೆ ಆಧಾರವಾಗಿ ಋತುವೂ ದುಡಿಮೆಯೂ ಇರುವುದು ಆ ಪುಟಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಂತಹ ಸೂಕ್ಷ್ಮದೃಷ್ಟಿಯುಳ್ಳವರು ಒಂದೆಡೆಯಲ್ಲಿ ಮಾತ್ರ ಎಡವಿದರೆಂದು ನನಗೆ ತೋರುತ್ತದೆ. ಈ ದೇಶದ ಕ್ರೈಸ್ತರು ತಮ್ಮ ಸಂತರ ಹಬ್ಬಗಳನ್ನು ಆಚರಿಸುವಾಗ, ಪ್ರತಿಮೆಯನ್ನು ತೇರಿನ ಮೇಲಿಟ್ಟು ಹೂಮಾಲೆಗಳಿಂದ ಅಲಂಕರಿಸಿ, ರಾತ್ರಿಯ ವೇಳೆ ಪಂಜುಗಳ ಬೆಳಕಿನಲ್ಲಿ, ತಮಟೆ ಕೊಂಬುಗಳ ಅಬ್ಬರದೊಡನೆ ಬೀದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಕೆಲವರು ಕುಣಿಯುತ್ತಿದ್ದರು, ಕೆಲವರು ಕೋಲಾಟವಾಡುತ್ತಿದ್ದರು. 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ದುಬೋಯ್ ಅವರು ಈ ಮೆರವಣಿಗೆಗಳು ತಮ್ಮನ್ನು ನಾಚಿಸುತ್ತಿದ್ದವೆಂದು ಬರೆದರು. ಭಕ್ತಿಯ ಚಿಹ್ನೆಯೊಂದೂ ಅವರಿಗೆ ಅಲ್ಲಿ ಕಾಣಲಿಲ್ಲ. ತಾವು ಈ ನಾಡಿನ ರುಮಾಲನ್ನು ಸುತ್ತಿಕೊಂಡವರಿಗೆ, ತಮ್ಮ ಹಬ್ಬವು ಈ ನಾಡಿನ ಉಡುಪನ್ನು ಉಟ್ಟುದು ಸಹನೆಯಾಗಲಿಲ್ಲ.

ಈ ನಾಚಿಕೆಯು ಅವರೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ 1647ರಲ್ಲಿ ಪಾರ್ಲಿಮೆಂಟಿನ ಕಟ್ಟುನಿಟ್ಟಿನ ಕ್ರೈಸ್ತರು ಕ್ರಿಸ್ಮಸ್ಸನ್ನೇ ನಿಷೇಧಿಸಿದ್ದರು. ಜನರ ಉಣಿಸು ಕುಣಿತಗಳಲ್ಲಿ ದೈವಭಕ್ತಿ ಇಲ್ಲವೆಂಬುದೇ ಅವರ ಆಕ್ಷೇಪಣೆ. 1660ರಲ್ಲಿ ಅರಸರು ಮರಳಿದಾಗ ಹಬ್ಬವೂ ಮರಳಿತು. ಅಲ್ಲಿ ಮತದ ಹೆಸರಿನಲ್ಲಿ ಹಬ್ಬವನ್ನು ಅಳಿಸಹೋದರು. ಫ್ರಾನ್ಸಿನಲ್ಲಿ ಬುದ್ಧಿಯ ಹೆಸರಿನಲ್ಲಿ ಅಳಿಸಹೋದರು. ಎರಡು ಕಡೆಯೂ ಹಬ್ಬವೇ ಉಳಿಯಿತು. ಏಕೆಂದರೆ ಡಿಸೆಂಬರ್ 25 ಎಂಬ ದಿನವು ಸುವಾರ್ತೆಯಲ್ಲಿ ಬರೆದುದಲ್ಲ. ರೋಮಿನವರು ಹಗಲು ಬೆಳೆಯತೊಡಗುವ ದಿನವೆಂದು ಎಣಿಸುತ್ತಿದ್ದ ಆ ದಿನವನ್ನು ಕ್ರಿಸ್ತಜಯಂತಿಯಾಗಿ ಆಚರಿಸಿದ ದಾಖಲೆಯು ನಾಲ್ಕನೆಯ ಶತಮಾನದಿಂದ ದೊರೆಯುತ್ತದೆ. ಹಸುರು ಮರವನ್ನು ಮನೆಯೊಳಗೆ ನಿಲ್ಲಿಸುವುದು ಜರ್ಮನಿಯವರ ಪದ್ಧತಿ. ನಮ್ಮ ಮಂಗಳೂರಿನ ಕಡೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಕ್ಕಳು ಮರಿಯಮ್ಮನವರಿಗೆ ಹೂವನ್ನು ಅರ್ಪಿಸುತ್ತಾರೆ, ಮನೆಮಂದಿ ಹೊಸ ಭತ್ತದ ಅಕ್ಕಿಯನ್ನು ಉಣ್ಣುತ್ತಾರೆ. ಅದನ್ನು ಸುಗ್ಗಿಯ ಹಬ್ಬವೆಂದರೂ ಸರಿ, ಮಾತೆಯ ಹಬ್ಬವೆಂದರೂ ಸರಿ. ನಂಬಿಕೆಯು ದೀಪದ ಬತ್ತಿಯಾದರೆ, ಹಣತೆಯ ಮಣ್ಣು ಆಯಾ ಊರಿನದು.

ಮತ್ತೆ ದುಬೋಯ್ ಅವರ ಕಥೆಗೆ ಬರೋಣ. ಮೂವತ್ತು ವರ್ಷಗಳ ಸೇವೆಯ ಕೊನೆಯಲ್ಲಿ, ಹಿಂದೂಗಳು ಕ್ರೈಸ್ತಮತಕ್ಕೆ ಬರುವುದು ಅಸಾಧ್ಯವೆಂಬ ನಿರ್ಣಯಕ್ಕೆ ಅವರು ಬಂದರು. ಅದನ್ನು ಮರೆಮಾಚದೆ ಅದೇ ಪತ್ರಗಳಲ್ಲಿ ಪ್ರಕಟಿಸಿದುದರಿಂದ ಇತರ ಮಿಷನರಿಗಳು ಕೋಪಗೊಂಡು, ಮರುವರ್ಷವೇ ಪುಸ್ತಕಗಳನ್ನು ಬರೆದು ಖಂಡಿಸಿದರು. 1823ರ ಜನವರಿ 15ರಂದು ಅವರು ಈ ದೇಶವನ್ನು ಬಿಟ್ಟು ಹಡಗನ್ನೇರಿದರು. ಕಂಪೆನಿಯವರು ಅವರಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿದ್ದರು. ಪ್ಯಾರಿಸಿನಲ್ಲಿ ಅವರು 1826ರಲ್ಲಿ ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿ, 1836ರಿಂದ 1839ರವರೆಗೆ ತಮ್ಮ ಮಿಷನ್ನಿನ ಮುಖ್ಯಸ್ಥರಾಗಿದ್ದು, 1848ರ ಫೆಬ್ರುವರಿ 17ರಂದು ದೈವಾಧೀನರಾದರು. ಒಂದು ಕ್ರಾಂತಿಯ ಕಾಲದಲ್ಲಿ ದೇಶವನ್ನು ಬಿಟ್ಟವರು, ಮತ್ತೊಂದು ಕ್ರಾಂತಿಯು ಅದೇ ಪಟ್ಟಣದಲ್ಲಿ ಏಳುವುದಕ್ಕೆ ಕೆಲವೇ ದಿನ ಮೊದಲು ಕಣ್ಣು ಮುಚ್ಚಿದರು.

ದೊಡ್ಡವರ ತಪ್ಪನ್ನು ಎತ್ತಿ ಆಡಿದ ಮೇಲೆ ನನ್ನ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ನಾನು ಮುಖ್ಯೋಪಾಧ್ಯಾಯಿನಿಯಾದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿಯು ಬಂದು, ಕ್ರಿಸ್ಮಸ್ಸಿನ ಮೆರವಣಿಗೆಗೆ ತನ್ನ ತಂದೆಯೂ ಅವರ ಜತೆಯವರೂ ತಮಟೆ ಬಾರಿಸಲು ಒಪ್ಪಿದ್ದಾರೆಂದು ಸಂತೋಷದಿಂದ ತಿಳಿಸಿದಳು. ತಮಟೆಯು ಶಾಲೆಗೆ ಒಪ್ಪುವುದಿಲ್ಲ, ಹಾರ್ಮೋನಿಯಂ ಸಾಕು ಎಂದು ನಾನು ಹೇಳಿ ಕಳುಹಿಸಿದೆನು. ಆಕೆ ಎದುರು ಮಾತನಾಡಲಿಲ್ಲ. ಆ ಸಂಜೆ ಆಕೆ ನಕ್ಷತ್ರವನ್ನು ಹಿಡಿದಳು. ತಂದೆಯವರು ಕೂಟಕ್ಕೆ ಬರಲಿಲ್ಲ. ಬೆತ್ಲೆಹೇಮಿನ ಕಥೆಯಲ್ಲಿ ಮೊದಲು ಕರೆ ಬಂದುದು ಊರ ಹೊರಗೆ ಕುರಿ ಕಾಯುತ್ತಿದ್ದವರಿಗೆ ಎಂಬುದನ್ನು ಎಷ್ಟೋ ವರ್ಷ ಪಾಠಹೇಳಿದ್ದ ನಾನು, ಊರ ಕೊನೆಯ ಕೇರಿಯಿಂದ ಬಂದ ವಾದ್ಯವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದೆನು. ಬಹುಕಾಲದ ಮೇಲೆ ದುಬೋಯ್ ಅವರ ಪತ್ರಗಳನ್ನು ಓದುವಾಗ ಅವರ ನಾಚಿಕೆಯಲ್ಲಿ ನನ್ನ ನಾಚಿಕೆಯನ್ನು ಗುರುತಿಸಿದೆನು.

ಆದುದರಿಂದ, ಮಗಳ ಕೈಗೆ ನಕ್ಷತ್ರವನ್ನು ಕೊಡಬಹುದೇ ಎಂದು ಕೇಳುವ ತಂದೆತಾಯಿಗಳಿಗೆ ನನ್ನ ಉತ್ತರವಿಷ್ಟೆ: ದೀಪ ಹಿಡಿದ ಮಾತ್ರಕ್ಕೆ ಮತವು ಬದಲಾಗದು, ಮನಸ್ಸಿಲ್ಲದವಳನ್ನು ನಾವು ಹಿಡಿಯೆಂದು ಬಲಾತ್ಕರಿಸುವುದೂ ಇಲ್ಲ. ರಂಗವಲ್ಲಿ ಏತಕ್ಕೆಂದು ಕೇಳುವ ಹಿರಿಯರಿಗೆ, ಬರುವವರು ನಮ್ಮ ಬಾಗಿಲಿಗೆ ಬರುತ್ತಾರಾದುದರಿಂದ ಬಾಗಿಲು ನಮ್ಮದರಂತೆಯೇ ಇರಲಿ ಎಂದು ವಿಜ್ಞಾಪಿಸುತ್ತೇನೆ.

ಆ ವಿದ್ಯಾರ್ಥಿನಿಯು ಈಗ ಹಳೆಯ ವಿದ್ಯಾರ್ಥಿನಿಯರ ಸಾಲಿನಲ್ಲಿದ್ದಾಳೆ. ಈ ಸಂಚಿಕೆಯು ಆಕೆಯ ಕೈಸೇರಿದರೆ, ಮುಂದಿನ ಕ್ರಿಸ್ಮಸ್ ಕೂಟಕ್ಕೆ ತಂದೆಯವರನ್ನು ಕರೆದುಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ. ತಮಟೆಯನ್ನು ಕಾಯಿಸಿಕೊಳ್ಳುವುದಕ್ಕೆ ಅಂಗಳದಲ್ಲಿ ಬೆಂಕಿಯನ್ನು ನಾವೇ ಹಾಕಿಡುತ್ತೇವೆ.